ಎದೆಯೊಳಗಿನ ನಾಲ್ಕು ಕೋಣೆ

ಗೂಗಲ್, ತಾ. ದೇವದುರ್ಗ
4-11-2024, ಸೋಮವಾರ

ನನ್ನ ತಂಗಿಯ ಮಗಳು, ನನ್ನ ತಮ್ಮನ ಸೊಸೆ, ಒಟ್ಟಿನಲ್ಲಿ ಎರಡೂ ಕಡೆಯಿಂದ ನನ್ನವಳೇ ಆದ ಚಂದ್ರಕಲಾಗೆ ಸೋದರಮಾವ ಕನಕರಾಯನ ಆಶೀರ್ವಾದ.

ಇಲ್ಲಿ ನಾನು ಗಟ್ಟಿ, ನನ್ನ ಹೆಂಡತಿ, ನಿನ್ನ ಅತ್ತೆ ಯಮನಮ್ಮ ನನಗಿಂತ ಗಟ್ಟಿ, ಕುರಿಗಳು ನಮ್ಮಿಬ್ಬರಿಗಿಂತ ಗಟ್ಟಿ. ಹೊಳೆ ಇಳಿದಿದೆ.

ಕೈಯಲ್ಲಿ ಫೋನಿಟ್ಟುಕೊಂಡು ಕಾಗದ ಯಾಕೆ ಬರೆಯುತ್ತಾನೆ ಎಂದು ನಿನ್ನ ಗಂಡ ಪ್ರಭುರಾಜ ನಗುತ್ತಿರಬಹುದು. ನಗಲಿ. ಫೋನಿನಲ್ಲಿ ನಾನು ಬಾಯಿ ತೆಗೆದರೆ ಅಲ್ಲಮಪ್ರಭುವಿನ ಗುಡಿಯ ಕಟ್ಟೆಯ ಮೇಲಿದ್ದ ಹತ್ತು ಮಂದಿ ನಡುವೆ ಬಾಯಿ ಹಾಕುತ್ತಾರೆ. ಕಾಗದದಲ್ಲಿ ಹಾಗಲ್ಲ, ನಾನೊಬ್ಬನೇ ಮಾತಾಡುತ್ತೇನೆ. ಅದೂ ಅಲ್ಲದೆ ಏಳನೇ ಇಯತ್ತೆಯಲ್ಲಿ ನಮ್ಮ ಮಾಸ್ತರರು, "ಕನಕಾ, ನಿನ್ನ ಅಕ್ಷರ ಮುತ್ತು, ಲೆಕ್ಕ ಮಾತ್ರ ಮಣ್ಣು" ಎಂದಿದ್ದರು. ಮೊದಲ ಅರ್ಧವನ್ನಷ್ಟೇ ನಾನು ಊರಿಗೆ ಹೇಳಿದ್ದೇನೆ.

ನಿನಗೆ ನಾಲ್ಕು ನಡೆದಿದೆ, ಐದರಲ್ಲಿ ದೊಡ್ಡ ಸ್ಕ್ಯಾನಿಂಗ್ ಮಾಡಿಸಬೇಕೆಂದು ಡಾಕ್ಟರಮ್ಮ ಹೇಳಿದ್ದಾರಂತೆ. ಹೆದರಬೇಡ. ಸ್ಕ್ಯಾನಿಂಗ್ ವಿಷಯದಲ್ಲಿ ಈ ಮನೆತನದಲ್ಲಿ ನನ್ನಷ್ಟು ಅನುಭವ ಯಾರಿಗೂ ಇಲ್ಲ. ಹೋದ ವರ್ಷ ಮೂತ್ರಪಿಂಡದಲ್ಲಿ ಹರಳಾದಾಗ ಇದೇ ರಾಯಚೂರಿನಲ್ಲಿ ನನಗೆ ಮಾಡಿದರು. "ಹೊಟ್ಟಿ ತುಂಬ ನೀರು ಕುಡೀರಿ" ಎಂದಳು ನರ್ಸು. ಉಳಿದವರು ನಾಲ್ಕು ಗ್ಲಾಸು ಕುಡಿದರು. ನಾನು ಮೂರು ತಂಬಿಗೆ ಇಳಿಸಿದೆ. ಅಷ್ಟರಲ್ಲಿ ಡಾಕ್ಟರು ಚಹಾಕ್ಕೆ ಎದ್ದುಹೋದರು. ನಾನು ವರಾಂಡದಲ್ಲಿ ಲಗಾಮು ಕಚ್ಚಿದ ಕುದುರೆಯ ಹಾಗೆ ತಿರುಗಹತ್ತಿದೆ.

"ಕುಂದರ್ರೀ ಯಜ್ಜಾ, ಸುಮ್ಮ ಕುಂದರ್ರಿ."

"ಕುಂತರ ನಿಮ್ಮ ದವಾಖಾನಿ ಮುಳಗತದ ಯವ್ವಾ."

ಹರಳು ತಾನೇ ಹೆದರಿ ಬಿದ್ದುಹೋಯಿತು. ಆದ್ದರಿಂದ ನೀನು ಧೈರ್ಯವಾಗಿರು. ಹೆಣ್ಣಿನ ಕಡೆಗೆ ಸೋದರಮಾವನಾಗಿ, ಗಂಡಿನ ಕಡೆಗೆ ದೊಡ್ಡಪ್ಪನಾಗಿ ನಿಂತು ಈ ಜೋಡಿ ಕೂಡಿಸಿದವನು ನಾನು. ಕೂಸು ಚೆಂದವಾದರೆ ಅರ್ಧ ಕೀರ್ತಿ ನನ್ನದು. ಹಠಮಾರಿಯಾದರೆ ಪೂರಾ ನಿನ್ನ ಗಂಡನದು.

ನಿನ್ನ ಅತ್ತೆ ಪುಂಡಿಸೊಪ್ಪಿನ ಚಟ್ನಿ ಮಾಡಿ ಬರಣಿ ತುಂಬಿದ್ದಾಳೆ. ನಮ್ಮ ಬಸ್ಸಿನ ಕಂಡಕ್ಟರ್ ಅಲ್ಲಾಬಕ್ಷ್ ಈ ಕಾಗದವನ್ನೂ ಬರಣಿಯನ್ನೂ ಮುಟ್ಟಿಸುತ್ತಾನೆ. ಬರಣಿ ಅರ್ಧವಾಗಿದ್ದರೆ ಅವನನ್ನೇ ಕೇಳು.

ಮುತ್ತಿನ ಅಕ್ಷರದ,
ನಿನ್ನ ಮಾಮ ಕನಕರಾಯ


ರಾಯಚೂರು
12-11-2024

ಮಾಮಾ,

ಬರಣಿ ತುಂಬಿಯೇ ಬಂತು. ಇವರು ಮಿಲ್ಲಿನಿಂದ ಬರುವಷ್ಟರಲ್ಲಿ ನಾನೇ ಅರ್ಧ ಮಾಡಿದೆ. ಪಕ್ಕದ ಮನೆಯ ಹಸೀನಾ ಬೇಗಂ ಅವರಿಗೂ ಕೊಟ್ಟೆ. ನಾಲ್ಕು ಹೆತ್ತವರು, ದಿನಾ ಬಂದು ನನ್ನ ಮುಖ ನೋಡಿಹೋಗುತ್ತಾರೆ.

ಒಂದು ಮಾತು ಕೇಳಬೇಕು. ಫೋನಿನಲ್ಲಿ ಕೇಳಿದರೆ ನೀನು ನಗಿಸಿ ಹಾರಿಸಿಬಿಡುತ್ತೀ, ಅದಕ್ಕೆ ಬರೆಯುತ್ತಿದ್ದೇನೆ.

ದೊಡ್ಡ ಸ್ಕ್ಯಾನಿಂಗ್ ಡಿಸೆಂಬರ್ ಏಳಕ್ಕೆ. ಕೂಸಿನ ತಲೆ, ಬೆನ್ನು, ಕೈಕಾಲು, ಎದೆ, ಒಂದೊಂದನ್ನೂ ಬಿಡಿಸಿ ನೋಡುತ್ತಾರಂತೆ. ಮೊನ್ನೆ ಡಾಕ್ಟರಮ್ಮ ಒಂದು ಕಾಗದ ತುಂಬಿಸುತ್ತಿದ್ದರು. "ನಿಮ್ಮದು ಸಂಬಂಧದೊಳಗ ಮದುವಿ ಏನು?" ಎಂದು ಕೇಳಿದರು. ಇವರು ಎದೆಯುಬ್ಬಿಸಿ, "ಹೌದ್ರಿ, ಈಕಿ ನನ್ನ ಸೋದರತ್ತಿ ಮಗಳು" ಎಂದರು. ಡಾಕ್ಟರಮ್ಮ ಗೆರೆ ಎಳೆದು ಬರೆದುಕೊಂಡರು. ಆಮೇಲೆ ಕೇಳಿದರು: "ಎರಡೂ ಮನಿಯೊಳಗ ಯಾರದರ ಎಳೆ ಕೂಸು ತೀರಿಹೋಗಿದ್ದು ಅದ ಏನು? ಯಾತರಿಂದ?"

ನನಗೆ ನಿನ್ನ ಮಗಳ ನೆನಪಾಯಿತು. ನಾನು ಹುಟ್ಟುವ ಮೊದಲಿನ ಮಾತು. ಮನೆಯಲ್ಲಿ ಯಾರೂ ಆ ಕೂಸಿನ ಬಗ್ಗೆ ಬಿಡಿಸಿ ಮಾತಾಡಿದ್ದು ನಾನು ಕೇಳಿಲ್ಲ. ತವರು ಬಾಗಲವಾಡದಲ್ಲಿ ಅವ್ವ ಒಮ್ಮೆ ಯಾರಿಗೋ ಜ್ವರ ಎಂದಳು, ಇನ್ನೊಮ್ಮೆ ಬೇರೆ ಏನೋ ಎಂದಳು. "ಗೊತ್ತಿಲ್ಲ" ಎಂದೆ. "ಗೊತ್ತು ಮಾಡಿಕೊಂಡು ಬಾ. ಸ್ಕ್ಯಾನ್ ಮಾಡುವವರಿಗೆ ಎಲ್ಲಿ ಹೆಚ್ಚು ನೋಡಬೇಕು ಎಂಬುದು ಅದರಿಂದ ತಿಳಿಯುತ್ತದೆ" ಎಂದರು.

ಏನಾಗಿತ್ತು ಮಾಮಾ?

ಚಂದ್ರಕಲಾ


ಗೂಗಲ್
17-11-2024, ಭಾನುವಾರ

ಚಿರಂಜೀವಿ ಚಂದ್ರಿಗೆ,

ಡಾಕ್ಟರಮ್ಮ ಚಿಕ್ಕ ವಯಸ್ಸಿನವರಿರಬೇಕು. ಓದಿದವರು ಹೀಗೆ ಕಾಗದ ತುಂಬಿಸುತ್ತಾರೆ, ಅದು ಅವರ ಕೆಲಸ. ಬರೆಸಿಬಿಡು: ಜ್ವರ. ಮೂರು ತಿಂಗಳ ಕೂಸು, ಜ್ವರ ಬಂತು, ಹೋಯಿತು. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹಾಗಾಗುತ್ತಿತ್ತು.

ಸಂಬಂಧದ ಮದುವೆ ಎಂದು ಗೆರೆ ಎಳೆದರಂತೆ. ಎಳೆಯಲಿ. ನನ್ನ ಅಜ್ಜ ತನ್ನ ಅಕ್ಕನ ಮಗಳನ್ನು ಮಾಡಿಕೊಂಡವನು, ತೊಂಬತ್ತಾರು ವರ್ಷ ಬದುಕಿ, ಸಾಯುವ ಹಿಂದಿನ ವಾರವೂ ಕೋಲು ಹಿಡಿದು ಕುರಿ ಹೊಡೆದವನು. ನಮ್ಮದು ಗಟ್ಟಿ ರಕ್ತ. ಹೊರಗಿನ ನೀರು ಬೆರೆಸದ ಹಾಲಿನ ಹಾಗೆ.

ಕೂಸು ಇನ್ನೂ ಮಿಸುಕಿಲ್ಲ ಎಂದು ನೀನು ಅಳುತ್ತೀ ಎಂದ ಪ್ರಭು. ಹುಚ್ಚಿ, ಚೊಚ್ಚಲಿಗೆ ತಡ. ನಿನ್ನ ಅವ್ವ ಯಶೋದಾ ನಿನ್ನನ್ನು ಹೊತ್ತಾಗ ಐದೂವರೆ ತಿಂಗಳವರೆಗೆ ನೀನು ಮಣ್ಣಿನ ಗೊಂಬೆ. ಒಂದು ದಿನ ಮಾನವಿಯಿಂದ ಬಾಗಲವಾಡಕ್ಕೆ ಹೋಗುವಾಗ ಬಸ್ಸು ಗುಂಡಿಯೊಳಗೆ ಧಡ್ ಎಂದಿತು, ನೀನು ಒಳಗಿನಿಂದ ಒದ್ದೆ. ಅವಳು ಎದ್ದು ನಿಂತು, "ಏ ಡ್ರೈವರಾ, ಸಾವಕಾಶ ಹೊಡಿ, ನನ್ನ ಕೂಸಿಗಿ ಸಿಟ್ಟ ಬಂದದ" ಎಂದು ಕೂಗಿದಳು. ಪಕ್ಕದಲ್ಲಿ ಇದ್ದವನು ನಾನೇ. ಬಸ್ಸಿನ ಮಂದಿಗೆಲ್ಲ ಸೋದರಮಾವನ ಖರ್ಚಿನಲ್ಲಿ ಪುಠಾಣಿ.

ಇನ್ನು ಮಷೀನಿನ ಮಾತು. ಹೊಟ್ಟೆ ಇಳಿದ ಗಬ್ಬದ ಕುರಿಯನ್ನು ತಂದು ನಿಲ್ಲಿಸು, ಒಮ್ಮೆ ಕೈಯಾಡಿಸಿ ಒಂದು ಮರಿಯೋ ಎರಡೋ ಹೇಳುತ್ತೇನೆ. ಜಾಲಹಳ್ಳಿಯಿಂದ ನನ್ನನ್ನು ಕರೆಯಲು ಬರುತ್ತಾರೆ. ತಪ್ಪಿದ್ದು ಒಂದೇ ಸಲ, ಆ ಕುರಿ ಸುಮ್ಮನೆ ದಪ್ಪಗಿತ್ತು.

ಉಂಡು ತಿಂದು ಗಟ್ಟಿಯಾಗಿರು. ಕಾಗದದಲ್ಲಿ ಜ್ವರ ಎಂದೇ ಬರೆಸು. ಮತ್ತೆ ನಿನ್ನ ಅತ್ತೆಯನ್ನು ಈ ವಿಷಯ ಕೇಳಬೇಡ, ಅವಳಿಗೆ ಎಲ್ಲ ಮರೆತಿದೆ.

ಇಪ್ಪತ್ತು ಹಳ್ಳಿಗೆ ಹೆಸರಾದ,
ಕನಕರಾಯ


ರಾಯಚೂರು
26-11-2024

ಮಾಮಾ,

ಅತ್ತೆಗೆ ಮರೆತಿಲ್ಲ.

ನೀನು ಕುರಿ ಹೊಡೆದುಕೊಂಡು ಹೋದ ಹೊತ್ತಿಗೆ ಫೋನ್ ಮಾಡಿದ್ದೆ. ಕೂಸಿಗೆ ಏನಾಗಿತ್ತೆಂದು ಕೇಳಿದೆ. ಅವಳು ಹೇಳಿದಳು: "ಜ್ವರ ಅಂತ ಅಂದಾರ ನಿಮ್ಮ ಮಾಮ. ಮೈ ಎಂದೂ ಬಿಸಿ ಇರಲಿಲ್ಲ ಯವ್ವಾ. ಹಾಲ ಕುಡಿವಾಗ ಬೆವರತಿತ್ತು, ತುಟಿ ನೀಲಿ ಆಗತಿತ್ತು. ನನ್ನ ಹಾಲ ಆ ಕೂಸಿಗಿ ಆಗಲಿಲ್ಲ. ನಮ್ಮತ್ತಿ ಆಗ ಹೇಳಿದ್ದು ಖರೇ ಅದ." ಯಾರೂ ಎದುರಾಡಬಾರದ ಮಾತು ಎನ್ನುವ ಹಾಗೆ ಮೆಲ್ಲಗೆ ಹೇಳಿದಳು.

ಡಾಕ್ಟರಮ್ಮನಿಗೆ ಇದನ್ನು ಹೇಳಿದೆ. ಅವರು ಬರೆಯುವುದು ನಿಲ್ಲಿಸಿದರು. "ಇದು ಹಾಲಲ್ಲ, ಹೃದಯ" ಎಂದರು. ಆಗ ಯಾರಾದರೂ ದವಾಖಾನೆಗೆ ಒಯ್ದಿದ್ದರೇ, ಅಲ್ಲಿ ಏನು ಹೇಳಿದ್ದರು ಎಂದು ಕೇಳಿದರು. ಅತ್ತೆಯೇ ಹೇಳಿದ್ದಾಳೆ ಮಾಮಾ: ನೀವಿಬ್ಬರೂ ರಾಯಚೂರಿಗೆ ಬಂದಿದ್ದಿರಿ, ಡಾಕ್ಟರು ನಿನ್ನೊಬ್ಬನನ್ನೇ ಒಳಗೆ ಕರೆದಿದ್ದರು.

ಇವತ್ತಿಗೆ ಹದಿನೆಂಟು ವಾರ. ಕೂಸು ಇನ್ನೂ ಅಲುಗಿಲ್ಲ. ಹಸೀನಾ ಬೇಗಂ ತಂಪು ಶರಬತ್ತು ಕುಡಿಸಿ ಎಡಮಗ್ಗುಲಿಗೆ ಮಲಗಿಸಿ, "ಸಬರ್ ಕರೋ ಬೇಟಿ, ಆಗತದ" ಎನ್ನುತ್ತಾರೆ. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಗಿಹಿಡಿದು ಕಾಯುತ್ತೇನೆ. ಸ್ಕ್ಯಾನಿಂಗ್ ದಿನ ಹತ್ತಿರ ಬಂದಷ್ಟೂ ಹೋಗುವುದೇ ಬೇಡ ಅನ್ನಿಸುತ್ತದೆ. ಆ ಪರದೆಯ ಮೇಲೆ ಏನು ಕಾಣುತ್ತದೋ.

ನೀನು ನನಗೆ ಎಂದೂ ಸುಳ್ಳು ಹೇಳಿಲ್ಲ, ಬರೀ ದೊಡ್ಡದು ಮಾಡಿ ಹೇಳಿದ್ದೀ. ಇದೊಂದನ್ನು ಇದ್ದಷ್ಟೇ ಹೇಳು.

ಚಂದ್ರಕಲಾ


ಗೂಗಲ್
30-11-2024, ಶನಿವಾರ

ಚಂದ್ರಕಲಾ,

ನಿನ್ನ ಕಾಗದ ಬುಧವಾರ ಬಂತು. ಮೂರು ದಿನ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕುರಿಗಳ ಹಿಂದೆ ತಿರುಗಿದೆ. ಡಾಕ್ಟರಮ್ಮನಿಗೆ ಬೇಕಾದದ್ದನ್ನು ಮೊದಲು ಬರೆಯುತ್ತೇನೆ.

ಕೂಸು ಹೆಣ್ಣು. ಗೌರಿ ಎಂದು ಹೆಸರಿಟ್ಟಿದ್ದೆವು. 1996ರ ಶ್ರಾವಣದಲ್ಲಿ ಹುಟ್ಟಿದಳು, ಮೂರು ತಿಂಗಳು ನಾಲ್ಕು ದಿನ ಇದ್ದಳು. ಜ್ವರ ಒಂದು ದಿನವೂ ಬಂದಿರಲಿಲ್ಲ. ನಿನ್ನ ಅತ್ತೆ ಹೇಳಿದ್ದೆಲ್ಲ ನಿಜ, ಹಾಲಿನದೊಂದನ್ನು ಬಿಟ್ಟು. ಅತ್ತರೆ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ರಾಯಚೂರಿಗೆ ಒಯ್ದೆವು. ಅಲ್ಲಿನ ಡಾಕ್ಟರು ಕೂಸಿನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಏನೇನೋ ತಪಾಸಣೆ ಮಾಡಿಸಿದರು. ಆಮೇಲೆ ನನ್ನನ್ನು ಒಳಗೆ ಕರೆದು ಒಂದು ಹಾಳೆಯ ಮೇಲೆ ಮನೆಯ ನಕ್ಷೆಯಂತೆ ನಾಲ್ಕು ಕೋಣೆ ಬರೆದರು. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು. ಇಷ್ಟನ್ನು ತಪ್ಪದೆ ಹೇಳು.

"ಹೆಂಡತಿ ಏನಾಗಬೇಕು?" ಎಂದು ಕೇಳಿದರು.

"ಸೋದರತ್ತಿ ಮಗಳ್ರಿ." ಅಷ್ಟು ಹೊತ್ತಿನಲ್ಲೂ ಹೆಮ್ಮೆಯಿಂದಲೇ ಅಂದೆ.

"ಇದರಾಗ ಯಾರದೂ ತಪ್ಪಿಲ್ಲ. ಆದರ ನೆನಪಿಡ್ರಿ. ನಿಮ್ಮ ಮನಿತನದಾಗ ಹಿಂಗ ರಕ್ತಸಂಬಂಧದ ಮದುವಿ ಆದರ ಮುಂದಿನ ಕೂಸುಗಳನ್ನ ಮೊದಲ ತೋರಸ್ರಿ. ಈ ಕೂಸಿನ್ನ ಹೈದರಾಬಾದಿಗಿ ಒಯ್ರಿ, ಚೀಟಿ ಕೊಡತೀನಿ."

ಹೊರಗೆ ಬೇವಿನ ಗಿಡದ ಕೆಳಗೆ ನಿನ್ನ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಏನಂದ್ರು?" ಎಂದಳು. "ಜ್ವರ ಅಂತ" ಎಂದೆ. ದಾರಿಯಲ್ಲಿ ಹೇಳೋಣ ಎಂದುಕೊಂಡಿದ್ದೆ, ಹೇಳಲಿಲ್ಲ. ದೊಡ್ಡ ದವಾಖಾನೆಗೆ ಹೋಗಿ ಬರೋಣ ಎಂದಷ್ಟೇ ಹೇಳಿದ್ದೆ. ಹೈದರಾಬಾದಿಗೆ ಹೊರಡುವ ಹಿಂದಿನ ದಿನ ಗೌರಿ ಹೋದಳು.

ಮೂರನೆಯ ದಿನ ಓಣಿಯ ಹೆಂಗಸರು ಕೂಡಿದ್ದರು. ನನ್ನ ಅವ್ವನೇ ಮೊದಲು ಅಂದದ್ದು, ಅವಳ ಹಾಲು ಕೂಸಿಗೆ ಆಗಲಿಲ್ಲ ಎಂದು. ನಾನು ಹೊಸ್ತಿಲ ಮೇಲೆ ಕೂತಿದ್ದೆ. ಒಳಗೆ ಯಮನಮ್ಮ ಹಾಲು ಕಟ್ಟಿದ ಎದೆಗೆ ಬಟ್ಟೆ ಬಿಗಿದುಕೊಂಡು ಗೋಡೆ ಕಡೆ ಮುಖ ಮಾಡಿದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಆ ಮಾತು ಆಡಿದರೆ ನನ್ನ ರಕ್ತದಲ್ಲೂ ಕುಂದಿದೆ ಎಂದಾಗುತ್ತಿತ್ತು. ನಮ್ಮದು ಗಟ್ಟಿ ರಕ್ತ ಎಂದು ಊರೂರು ಹೇಳಿಕೊಂಡು ತಿರುಗಿದ ಬಾಯಿ ಇದು. ಮುಚ್ಚಿಕೊಂಡೆ. ಅವಳು ಇಪ್ಪತ್ತೆಂಟು ವರ್ಷ ಆ ಮಾತನ್ನು ಹೊತ್ತಳು.

ಎರಡನೆಯ ಕೂಸು ಯಾಕೆ ಆಗಲಿಲ್ಲ ಎಂದು ನೀನು ಕೇಳುವುದಿಲ್ಲ, ಗೊತ್ತು. ಗೌರಿ ಹೋದ ಮೇಲೆ ನಾನು ಕುರಿ ಮೇಯಿಸುತ್ತ ತಿಂಗಳುಗಟ್ಟಲೆ ದೂರ ಇರುವುದನ್ನು ಕಲಿತೆ. ಅಷ್ಟೇ ಬರೆಯುತ್ತೇನೆ.

ನಿನ್ನ ಮದುವೆಯ ಮಾತು ಬಂದಾಗ ನಾನು ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದರು. ಅದಕ್ಕೇ ಎಲ್ಲರಿಗಿಂತ ಮೊದಲು ನಾನೇ ಎದ್ದು ಹೂಂ ಅಂದೆ.

ಸ್ಕ್ಯಾನಿಂಗಿಗೆ ಹೋಗು ತಾಯಿ. ತಪ್ಪಿಸಬೇಡ. ಮೊದಲೇ ಗೊತ್ತಾದರೆ ಮಾಡುವುದು ಬಹಳ ಇರುತ್ತದೆ ಎನ್ನುತ್ತಾರೆ ಈಗ.

ಕನಕರಾಯ

ಕಾಗದ ಅಂಟಿಸುವ ಮೊದಲು ನಿನ್ನ ಅತ್ತೆಗೆ ಪೂರ್ತಿ ಓದಿ ಹೇಳಿದೆ. ಅವಳಿಗೆ ಓದು ಬರುವುದಿಲ್ಲ, ನಿನಗೆ ಗೊತ್ತು. ಜೋಳ ಹಸನು ಮಾಡುತ್ತಿದ್ದಳು. ನಾನು ಓದಿ ಮುಗಿಸಿದ ಮೇಲೆ ಮೊರ ಕೆಳಗಿಟ್ಟು ಎದ್ದು ಹೊಳೆಯ ಕಡೆ ಹೋದಳು. ಇನ್ನೂ ಬಂದಿಲ್ಲ. ಬಸ್ಸಿನ ಹೊತ್ತಾಯಿತು, ಇದನ್ನು ಅಲ್ಲಾಬಕ್ಷನ ಕೈಗೆ ಕೊಟ್ಟು ನಾನೂ ಆ ಕಡೆ ಹೋಗುತ್ತೇನೆ.


ರಾಯಚೂರು
9-12-2024

ಮಾಮಾ,

ಸುದ್ದಿ ನಿನಗೆ ಶನಿವಾರವೇ ಮುಟ್ಟಿದೆ. ಇವರು ಫೋನಿನಲ್ಲಿ ಹೇಳಿದಾಗ ನೀನು "ಹೂಂ" ಎಂದು ಇಟ್ಟುಬಿಟ್ಟೆಯಂತೆ. ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಕೂಸಿನ ಎದೆಯಲ್ಲಿ ನಾಲ್ಕು ಕೋಣೆ ಇವೆ. ನಾಲ್ಕೂ ಸರಿ ಇವೆ. ನಡುವಿನ ಗೋಡೆ ಗಟ್ಟಿ ಇದೆ.

ಉಳಿದದ್ದು ನಿನಗೆ ಯಾರೂ ಹೇಳಿರಲಾರರು.

ನಿನ್ನ ಕಾಗದವನ್ನು ತಂದುಕೊಟ್ಟದ್ದು ಅತ್ತೆಯೇ. ಡಿಸೆಂಬರ್ ಒಂದು, ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಗಂಟು ಹಿಡಿದು ನಿಂತಿದ್ದಳು. "ಅತ್ತಿ, ಒಬ್ಬಾಕಿನ ಬಂದೀಯೇನು?" ಎಂದೆ. "ಅಲ್ಲಾಬಕ್ಷ ಕೂಡಿಸ್ಯಾನ, ಇಳಿಸ್ಯಾನ. ನಾ ಏನು ಕೂಸೇನು?" ಎಂದಳು. ಹಿಂದಿನ ದಿನ ಮುಟ್ಟಿಸಲಾಗದೆ ತನ್ನ ಬಳಿಯೇ ಉಳಿದಿದ್ದ ಕಾಗದವನ್ನು ಅವನೇ ಬಸ್ಸಿನಲ್ಲಿ ಅವಳ ಕೈಗೆ ಕೊಟ್ಟನಂತೆ. "ತಗೋ, ಇದರಾಗ ನನ್ನ ಮಾತ ಅದ. ಒಮ್ಮಿ ಕೇಳೀನಿ. ನೀ ಇನ್ನೊಮ್ಮಿ ಓದು" ಎಂದು ಕೂತಳು. ನಾನು ಓದಿದೆ. ಹಾಲಿನದೊಂದನ್ನು ಬಿಟ್ಟು ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಆ ಸಾಲನ್ನು ಮತ್ತೆ ಓದಿಸಿದಳು.

ಮಂಗಳವಾರ ಮಧ್ಯಾಹ್ನ ಅವಳೂ ಹಸೀನಾ ಬೇಗಂ ಅವರೂ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ನಾನು ಒಳಗೆ ಎಡಮಗ್ಗುಲಾಗಿದ್ದೆ. ನುಚ್ಚು ಕುದಿಯುವಾಗ ತಳದಿಂದ ಒಂದೇ ಗುಳ್ಳೆ ಎದ್ದು ಪಟ್ ಎಂದು ಒಡೆಯುತ್ತದಲ್ಲ, ಹಾಗೆ ಒಂದು. ಹೊಟ್ಟೆಯ ವಾಯುವೇನೋ ಎಂದುಕೊಂಡೆ. ಮತ್ತೊಂದು. ಆಮೇಲೆ ಮತ್ತೆ, ಅದೇ ಜಾಗದಲ್ಲಿ. "ಅತ್ತೀ!" ಎಂದು ಕೂಗಿದ್ದಕ್ಕೆ ಇಬ್ಬರೂ ಅಕ್ಕಿ ಚೆಲ್ಲಿ ಓಡಿಬಂದರು. ಹಸೀನಾ ಬೇಗಂ, "ನಾ ಹೇಳಿದ್ದಿಲ್ಲಾ, ನಾ ಹೇಳಿದ್ದಿಲ್ಲಾ" ಎಂದು ನನ್ನ ಹಣೆಗೆ ಮುತ್ತಿಟ್ಟರು. ಅತ್ತೆ ಅಂಗೈ ಇಟ್ಟು ನೋಡಿದಳು. "ನನಗೇನೂ ಗೊತ್ತಾಗವಲ್ದು" ಎಂದಳು. ಹೊರಗಿನ ಕೈಗೆ ತಿಳಿಯಲು ಇನ್ನೂ ದಿನ ಬೇಕಂತೆ. ಆದರೂ ಕೈ ತೆಗೆಯಲಿಲ್ಲ. ನನಗೆ ನಿದ್ದೆ ಹತ್ತಿತು, ಎದ್ದಾಗಲೂ ಕೈ ಅಲ್ಲೇ ಇತ್ತು.

ಶನಿವಾರ ಮೂವರೂ ಹೋದೆವು. ತಾಯಿ ಕಾರ್ಡು, ಹಳೆಯ ರಿಪೋರ್ಟು, ನಿನ್ನ ಕಾಗದ. ಎರಡು ಗ್ಲಾಸು ನೀರಷ್ಟೇ ಕುಡಿದೆ, ಮೂರು ತಂಬಿಗೆ ಅಲ್ಲ. ಕೋಣೆಯೊಳಗೆ ನನ್ನ ಜೊತೆ ಒಬ್ಬರಿಗೇ ಬಿಡುತ್ತೇವೆ ಎಂದರು. ಇವರು ಅತ್ತೆಯನ್ನು ಮುಂದೆ ತಳ್ಳಿದರು. ಗಂಡೋ ಹೆಣ್ಣೋ ಹೇಳುವುದಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು, ನಾವು ಕೇಳಲೂ ಇಲ್ಲ. ಸ್ಕ್ಯಾನ್ ಮಾಡುವ ಮೇಡಂ ನಿನ್ನ ಸಾಲುಗಳನ್ನು ಎರಡು ಸಲ ಓದಿಕೊಂಡು ಕೂಸಿನ ಎದೆಯನ್ನೇ ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನಾನು ಪರದೆ ನೋಡಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದೆ. ಕೊನೆಗೆ ಮೇಡಂ ಒಂದೊಂದೇ ಕೋಣೆ ತೋರಿಸಿ ಹೇಳಿದರು. ಮನೆತನದಲ್ಲಿ ಹೀಗೆ ಆಗಿದ್ದರಿಂದ ಒಂದು ತಿಂಗಳು ಬಿಟ್ಟು ಹೃದಯವನ್ನಷ್ಟೇ ಮತ್ತೊಮ್ಮೆ ನೋಡೋಣ ಎಂದಿದ್ದಾರೆ.

ನಾನು ಎದ್ದು ಸೀರೆ ಸರಿಮಾಡಿಕೊಳ್ಳುತ್ತಿದ್ದೆ. ಅತ್ತೆ ಮಾತ್ರ ಕೂತ ಜಾಗದಿಂದ ಏಳಲಿಲ್ಲ.

"ಯವ್ವಾ, ಒಂದು ಕೇಳತೀನಿ. ತಾಯಿ ಹಾಲಿನಿಂದ ಕೂಸಿಗಿ ಹಂಗ ಆಗತದೇನು?"

"ಇಲ್ಲಮ್ಮ. ಹಾಲಿನಿಂದ ಆಗೋದಿಲ್ಲ."

"ಇನ್ನೊಮ್ಮಿ ಹೇಳ್ರಿ."

ಮೇಡಂ ಅವಳ ಪಕ್ಕದಲ್ಲಿ ಕೂತು ಇನ್ನೊಮ್ಮೆ ಹೇಳಿದರು.

ಮಾಮಾ, ಜನವರಿ ಹತ್ತೊಂಬತ್ತಕ್ಕೆ ಬಾಗಲವಾಡದಲ್ಲಿ ನನ್ನ ಸೀಮಂತದ ಕುಬುಸ. ಮೊದಲ ಉಡಿ ಅತ್ತೆಯೇ ತುಂಬಬೇಕು ಎಂದು ಅವ್ವನಿಗೆ ಹೇಳಿದೆ. ಅವ್ವ, "ಕೂಸು ಕಳಕೊಂಡಾಕಿ ಕೈಲೆ ಮೊದಲ ಉಡಿ ತುಂಬಸತಾರೇನು? ಮಂದಿ ಏನಂತಾರ" ಎಂದಳು. ನಾನು ಅವಳಿಗೆ ಏನೂ ಬಿಡಿಸಿ ಹೇಳಿಲ್ಲ. ಅದು ನಾನು ಹೇಳುವ ಮಾತಲ್ಲ.

ಚಂದ್ರಕಲಾ


ಗೂಗಲ್
14-1-2025, ಸಂಕ್ರಾಂತಿ

ಚಂದ್ರಿ,

ಎರಡನೆಯ ತಪಾಸಣೆಯೂ ಸರಿ ಬಂತೆಂದು ಪ್ರಭು ಫೋನ್ ಮಾಡಿದ್ದ. ಈ ಸಲ ಬರೀ ಹೂಂ ಎನ್ನಲಿಲ್ಲ, ಕುರಿದೊಡ್ಡಿಯಲ್ಲಿ ಕುಣಿದೆ. ಒಂದು ಟಗರು ಹೆದರಿ ಬೇಲಿ ಹಾರಿತು.

ನಿನ್ನ ಅತ್ತೆ ರಾಯಚೂರಿನಿಂದ ಬಂದವಳು ಒಂದು ತಿಂಗಳು ನನ್ನ ಜೊತೆ ನೇರ ಮಾತಾಡಲಿಲ್ಲ. ಕುರಿಗಳ ಮೂಲಕ ಆಡಿದಳು. "ಏ ಕುರೀ, ನಿನ್ನ ಒಡೆಯಗ ಹೇಳು, ರೊಟ್ಟಿ ಆಗ್ಯಾವ." ನಾನೂ ಕುರಿಗೇ ಉತ್ತರ ಕೊಟ್ಟೆ. ನಡುವೆ ಕುರಿಗೆ ಬಹಳ ತೊಂದರೆಯಾಯಿತು.

ನಿನ್ನ ಕಾಗದದ ಕೊನೆಯ ಸಾಲು ನನಗೆ ಅರ್ಥವಾಗಿತ್ತು. ಮೊದಲು ನಮ್ಮ ಊರಿನಲ್ಲೇ ಹೇಳಬೇಕು ಎಂದು ಗುಡಿಯ ಕಟ್ಟೆಗೆ ಹೋದೆ. ಹದಿನಾರು ಮಂದಿ ಇದ್ದರು. ಎದ್ದು ನಿಂತು ಹೇಳಿದೆ: "ನನ್ನ ಮಗಳು ಗೌರಿ ಜ್ವರದಿಂದ ಸತ್ತಿಲ್ಲ. ಆಕಿ ತಾಯಿ ಹಾಲಿನಿಂದಲೂ ಸತ್ತಿಲ್ಲ. ಎದಿಯಾಗ ರಂಧ್ರ ಇತ್ತು. ನನಗ ಅವತ್ತ ಗೊತ್ತಿತ್ತು."

ಎಲ್ಲರೂ ನಕ್ಕರು. "ಹಾಂ, ಮುಂದ? ಆಮ್ಯಾಲ ಏನಾತು ಕನಕಪ್ಪ?" ಎಂದು ಒಬ್ಬ ಬೀಡಿ ಹಚ್ಚಿ ಸರಿಯಾಗಿ ಕೂತ. ನಾನು ಕಥೆ ಶುರುಮಾಡಿದೆ ಎಂದುಕೊಂಡರು. ಇಷ್ಟು ವರ್ಷ ನಾನು ಆ ಕಟ್ಟೆಯ ಮೇಲೆ ಹುಲಿ ಹೊಡೆದಿದ್ದೇನೆ, ಮೊಸಳೆಯ ಬಾಯಿಯಿಂದ ಕುರಿ ಕಿತ್ತುಕೊಂಡಿದ್ದೇನೆ, ಎಲ್ಲವನ್ನೂ ನಂಬಿದ್ದರು. ಇದನ್ನು ನಂಬಿಸಲು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲಕ್ಕೆ ನನ್ನ ದನಿ ಒಡೆಯಿತು, ಆಗ ಬೀಡಿಯವನು ಬೀಡಿ ಆರಿಸಿದ.

ಮರುದಿನ ಮಾನವಿ ಬಸ್ಸು ಹಿಡಿದು ಬಾಗಲವಾಡಕ್ಕೆ ಹೋದೆ. ನಿನ್ನ ಅವ್ವ ಅಂಗಳದಲ್ಲಿ ನಾಲ್ಕು ಹೆಂಗಸರ ಜೊತೆ ಕುಬುಸದ ಬೇಳೆ ಒಡೆಯುತ್ತಿದ್ದಳು. ಅವರೆಲ್ಲರ ಮುಂದೆಯೇ ಹೇಳಿದೆ. ನಿನ್ನ ಅವ್ವ ನಗಲಿಲ್ಲ. ಬೀಸುಕಲ್ಲಿನ ಗೂಟ ಹಿಡಿದ ಕೈ ಹಾಗೇ ನಿಂತಿತು.

"ಅಣ್ಣಾ, ಇಷ್ಟು ಗೊತ್ತಿದ್ದೂ ನನ್ನ ಮಗಳ್ನ ಕೊಡಸಿದೇನು?"

"ಹೌದು."

"ನನ್ನ ಮಗಳ ಹೊಟ್ಟಿ ಮ್ಯಾಲೆ ನಿನ್ನ ಮೀಸಿ ಇಟ್ಟಿದ್ದೇನು ನೀನು?"

ಅವಳು ನೀರು ಕೊಟ್ಟಳು, ಊಟಕ್ಕೆ ಏಳು ಎನ್ನಲಿಲ್ಲ. ನಾನು ಬಸ್ ನಿಲ್ದಾಣದವರೆಗೆ ಹೋಗಿದ್ದೆ. ಹಿಂದಿನಿಂದ ಬಂದು ಎರಡು ಮಾರು ದೂರ ನಿಂತಳು.

"ಅತ್ತಿಗಿಗೆ ಹೇಳು, ಮೊದಲ ಉಡಿ ಆಕಿದೇ. ನಸುಕಿನಾಗ ಬರಬೇಕು ಅಂತ ಹೇಳು. ನಿನ್ನ ಸಂಗಡ ನಾ ಮಾತಾಡಂಗಿಲ್ಲ."

ಆಡದಿರಲಿ. ಅವಳ ಸಿಟ್ಟು ಅವಳ ಹಕ್ಕು. ಕೂಸು ಹುಟ್ಟಿದ ಮೇಲೆ ನಿಧಾನಕ್ಕೆ ನೋಡೋಣ. ಒಂದು ಮಾತನ್ನು ಮಾತ್ರ ನಿನ್ನ ಗಂಡನಿಗೆ ಹೇಳಿಡು. ಈ ಕೂಸು ದೊಡ್ಡದಾದ ಮೇಲೆ ಅದರ ಮದುವೆಯ ಮಾತು ಬಂದರೆ, ಮನೆಯೊಳಗೆ ಹುಡುಕಬಾರದು. ಆಗ ನಾನಿದ್ದರೆ ಎಲ್ಲರಿಗಿಂತ ಮೊದಲು ಎದ್ದು ಬೇಡ ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ ಹೇಳುತ್ತೇನೆ.

ಬಂದು ನಿನ್ನ ಅತ್ತೆಗೆ ಸುದ್ದಿ ಮುಟ್ಟಿಸಿದೆ. "ಹೂಂ" ಎಂದಳು ಅಷ್ಟೇ. ಅದು ಮೂರು ದಿನದ ಹಿಂದಿನ ಮಾತು.

ಈಗ ಇದನ್ನು ಬರೆಯುತ್ತಿರುವಾಗ ಒಳಗೆ ಟ್ರಂಕು ತೆರೆದ ಸದ್ದು. "ಏನ್ರೀ" ಎಂದಳು. ಕುರಿಗಲ್ಲ, ನನಗೇ. "ಕುಬುಸಕ್ಕ ಹಸರು ಸೀರಿ ಉಡಲೋ, ಕೆಂಪ ಸೀರಿ ಉಡಲೋ?"

ಇಷ್ಟು ವರ್ಷದಲ್ಲಿ ಎಷ್ಟೋ ಕುಬುಸಗಳ ಕರೆ ಬಂದಿವೆ. ಇಲ್ಲದ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು. ಈಗ ಎರಡೂ ಸೀರೆ ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಇಲ್ಲಿ ಕೂತು ಹೇಳಲು ಆಗುವುದಿಲ್ಲ. ಎದ್ದು, ಬಿಸಿಲಿಗೆ ಹಿಡಿದು, ಸರಿಯಾಗಿ ನೋಡಿ ಹೇಳಬೇಕು.

ಯಮನಮ್ಮನ ಗಂಡ,
ಕನಕರಾಯ